ಕಾಲಯಂತ್ರ ಇಳಿದ ವಿಜಯನಗರ: ‘ಆದಿತ್ಯ 369’ ಮತ್ತು ಮುಗಿಯದ ವಾದಗಳು

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಸಿಗುವ ಊರು ಕಡ್ಡಿರಾಂಪುರ. ವಿರೂಪಾಕ್ಷನ ಗೋಪುರವನ್ನು ಕಾಣುವ ತವಕದಲ್ಲಿರುವ ಪ್ರವಾಸಿಗರು ಈ ಊರಿನಲ್ಲಿ ವಾಹನ ನಿಲ್ಲಿಸುವುದು ಕಡಿಮೆ. ಆದರೆ ವಿಜಯನಗರದ ಜಗತ್ತನ್ನು ತೆರೆಯ ಮೇಲೆ ಮರಳಿ ಕಟ್ಟುವ ಯಾವುದೇ ಕಥೆಯನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಇದು ಏಕೆಂಬುದನ್ನು ಲೇಖನದ ಕೊನೆಯಲ್ಲಿ ನೋಡೋಣ.

ವೈಜ್ಞಾನಿಕ ಕಥೆಗಳ ಅಭಿಮಾನಿಗಳಿಗೆ ಕಥೆ ನೋಡಿ ಮುಗಿಸುವುದು ಅರ್ಧ ಸಂತೋಷ ಮಾತ್ರ. ಉಳಿದರ್ಧ ವಾದದಲ್ಲಿದೆ. ‘ಹೀಗೇಕೆ ಆಯಿತು, ಹಾಗೇಕೆ ಆಗಲಿಲ್ಲ, ಈ ಜಗತ್ತಿನ ನಿಯಮವೇನು, ಕಥೆಗಾರನೇ ಅದನ್ನು ಮುರಿದನೇ’ ಎಂಬ ಪ್ರಶ್ನೆಗಳು ಅಮೆರಿಕದ ‘ಸ್ಟಾರ್ ಟ್ರೆಕ್’, ಬ್ರಿಟನ್ನಿನ ‘ಡಾಕ್ಟರ್ ಹೂ’ ಧಾರಾವಾಹಿಗಳ ಸುತ್ತ ದಶಕಗಳಿಂದ ನಡೆಯುತ್ತಿವೆ. ನಮ್ಮ ನೆಲಕ್ಕೆ ನೇರವಾಗಿ ಸಂಬಂಧಿಸಿದ ಇಂಥದೊಂದು ಕಥೆ ಇದೆಯೇ ಎಂದು ಹುಡುಕಿದರೆ ದೊರೆಯುವುದು ಧಾರಾವಾಹಿಯಲ್ಲ, ಒಂದು ಚಲನಚಿತ್ರ. ಅದು 1991ರ ತೆಲುಗು ಚಿತ್ರ ‘ಆದಿತ್ಯ 369’. ಅದರ ಕಾಲಯಂತ್ರ ಇಳಿಯುವುದು ಬೇರೆಲ್ಲಿಯೂ ಅಲ್ಲ, ಶ್ರೀಕೃಷ್ಣದೇವರಾಯನ ವಿಜಯನಗರದಲ್ಲಿ.

ಚಿತ್ರದ ಹಿನ್ನೆಲೆ

‘ಆದಿತ್ಯ 369’ ತೆರೆಕಂಡದ್ದು 1991ರ ಜುಲೈ 18ರಂದು. ನಿರ್ದೇಶಕ ಸಿಂಗೀತಂ ಶ್ರೀನಿವಾಸ ರಾವ್ ಅವರು ಕನ್ನಡಿಗರಿಗೆ ಅಪರಿಚಿತರಲ್ಲ. ಡಾ. ರಾಜ್‌ಕುಮಾರ್ ಅಭಿನಯದ ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಶ್ರಾವಣ ಬಂತು’ ಮುಂತಾದ ಚಿತ್ರಗಳು ಅವರ ನಿರ್ದೇಶನದವು. 1987ರಲ್ಲಿ ಸಂಭಾಷಣೆಯೇ ಇಲ್ಲದ ‘ಪುಷ್ಪಕ ವಿಮಾನ’ವನ್ನು ಬೆಂಗಳೂರಿನಲ್ಲಿ ಚಿತ್ರಿಸಿದವರೂ ಅವರೇ. ಅದಕ್ಕೂ ಬಹಳ ಹಿಂದೆ, 1957ರ ‘ಮಾಯಾಬಜಾರ್’ ಚಿತ್ರದಲ್ಲಿ ಕೆ.ವಿ. ರೆಡ್ಡಿ ಅವರ ಸಹಾಯಕರಾಗಿ ಕೆಲಸ ಮಾಡಿದ್ದರು.

ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ‘ದಿ ಟೈಮ್ ಮಷಿನ್’ ಕಾದಂಬರಿ ಈ ಚಿತ್ರದ ಮೂಲಪ್ರೇರಣೆ. ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಬೆಂಬಲದಿಂದ ನಿರ್ಮಾಪಕ ಶಿವಲೆಂಕ ಕೃಷ್ಣಪ್ರಸಾದ್ ಈ ಸಾಹಸಕ್ಕೆ ಕೈಹಾಕಿದರು. ಸಂಗೀತ ಇಳಯರಾಜ ಅವರದು. ಸಂಭಾಷಣೆ ಜಂಧ್ಯಾಲ ಅವರದು. ಪಿ.ಸಿ. ಶ್ರೀರಾಮ್, ವಿ.ಎಸ್.ಆರ್. ಸ್ವಾಮಿ, ಕಬೀರ್ ಲಾಲ್ ಈ ಮೂವರು ಛಾಯಾಗ್ರಾಹಕರು ಚಿತ್ರಕ್ಕೆ ದುಡಿದರು. ನಂದಮೂರಿ ಬಾಲಕೃಷ್ಣ ಅವರು ಇಂದಿನ ಯುವಕ ಕೃಷ್ಣಕುಮಾರ ಮತ್ತು ಶ್ರೀಕೃಷ್ಣದೇವರಾಯ ಎರಡೂ ಪಾತ್ರಗಳನ್ನು ವಹಿಸಿದ್ದರು. ಅವರ ತಂದೆ ಎನ್.ಟಿ. ರಾಮರಾವ್ ‘ತೆನಾಲಿ ರಾಮಕೃಷ್ಣ’ (1956) ಮತ್ತು ‘ಮಹಾಮಂತ್ರಿ ತಿಮ್ಮರುಸು’ (1962) ಚಿತ್ರಗಳಲ್ಲಿ ಇದೇ ಅರಸನ ಪಾತ್ರ ಮಾಡಿದ್ದರು. ಕನ್ನಡದಲ್ಲಿ ಬಿ.ಆರ್. ಪಂತುಲು ನಿರ್ದೇಶನದ ‘ಶ್ರೀ ಕೃಷ್ಣದೇವರಾಯ’ (1970) ಚಿತ್ರದಲ್ಲಿ ರಾಜ್‌ಕುಮಾರ್ ಅರಸರಾದರು.

ಚಿತ್ರ ತಮಿಳಿಗೆ ‘ಅಪೂರ್ವ ಶಕ್ತಿ 369’ ಎಂದೂ ಹಿಂದಿಗೆ ‘ಮಿಷನ್ 369’ ಎಂದೂ ಡಬ್ ಆಯಿತು. ಕರ್ನಾಟಕದಲ್ಲಿ ಡಬ್ಬಿಂಗ್‌ಗೆ ಚಿತ್ರರಂಗದ ವಿರೋಧ ಬಲವಾಗಿದ್ದ ಕಾಲವದು. ಈ ಅಡೆತಡೆಯ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ ಆದೇಶ ನೀಡಿದ್ದು 2015ರ ಜುಲೈನಲ್ಲಿ. ಹೀಗಾಗಿ ಕನ್ನಡದ ಪ್ರೇಕ್ಷಕರು ವಿಜಯನಗರದ ಈ ಕಾಲಯಾನವನ್ನು ನೋಡಬೇಕಿದ್ದುದು ತೆಲುಗಿನಲ್ಲಿಯೇ. ಬಳ್ಳಾರಿ, ಹೊಸಪೇಟೆ ಭಾಗದವರಿಗೆ ಅದೇನೂ ಕಷ್ಟವಾಗಿರಲಿಲ್ಲ. ಇಲ್ಲಿ ಎರಡೂ ಭಾಷೆ ಮನೆಯ ಅಂಗಳದಲ್ಲೇ ಕೇಳಿಸುತ್ತವೆ. 2025ರ ಏಪ್ರಿಲ್ 4ರಂದು ಚಿತ್ರವನ್ನು 4ಕೆ ಗುಣಮಟ್ಟಕ್ಕೆ ಸಂಸ್ಕರಿಸಿ ಮತ್ತೆ ಬಿಡುಗಡೆ ಮಾಡಲಾಯಿತು. ಹಳೆಯ ಚರ್ಚೆಗೆ ಹೊಸ ಪ್ರೇಕ್ಷಕರೂ ಸೇರಿಕೊಂಡರು.

ಕಥೆಯ ಎಳೆ

ಪ್ರೊಫೆಸರ್ ರಾಮದಾಸ್ (ಟೀನು ಆನಂದ್) ಕಾಲಯಂತ್ರವೊಂದನ್ನು ನಿರ್ಮಿಸುತ್ತಾರೆ. ಪ್ರಾಚೀನ ವಸ್ತುಗಳ ಲೋಭಿ ರಾಜಾವರ್ಮನ (ಅಮರೀಶ್ ಪುರಿ) ಕಣ್ಣು ಕೃಷ್ಣದೇವರಾಯನ ಕಾಲದ ವಜ್ರದ ಮೇಲೆ ಬೀಳುತ್ತದೆ. ಕೃಷ್ಣಕುಮಾರ ಮತ್ತು ಹೇಮಾ (ಮೋಹಿನಿ) ಕಾಲಯಂತ್ರದಲ್ಲಿ ಕ್ರಿ.ಶ. 1526ರ ವಿಜಯನಗರಕ್ಕೆ ಹೋಗುತ್ತಾರೆ. ಅಲ್ಲಿ ತೆನಾಲಿ ರಾಮಕೃಷ್ಣ (ಚಂದ್ರಮೋಹನ್) ಇದ್ದಾನೆ, ರಾಜನರ್ತಕಿ (ಸಿಲ್ಕ್ ಸ್ಮಿತಾ) ಇದ್ದಾಳೆ. ಅಲ್ಲಿಂದ ತಪ್ಪಿಸಿಕೊಂಡ ಯಂತ್ರ ಅವರನ್ನು 2504ಕ್ಕೆ ಒಯ್ಯುತ್ತದೆ. ಮಹಾಯುದ್ಧದ ವಿಕಿರಣದಿಂದ ನೆಲದ ಮೇಲೆ ಬಾಳಲಾಗದೆ ಮನುಷ್ಯರು ನೆಲದಡಿ ವಾಸಿಸುವ ಕಾಲವದು. ಒಂದೇ ಚಿತ್ರದಲ್ಲಿ ಹಿಂದಣ ವೈಭವ, ಮುಂದಣ ವಿನಾಶ ಎರಡೂ ಇವೆ.

ಮೊದಲ ವಾದ: 1526ನೇ ಇಸವಿಯೇ ಏಕೆ?

ಕಾಲಯಾನದ ಕಥೆಯಲ್ಲಿ ಇಸವಿಯ ಆಯ್ಕೆ ಎಲ್ಲಕ್ಕಿಂತ ದೊಡ್ಡ ನಿರ್ಧಾರ. ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಈ ಇಪ್ಪತ್ತು ವರ್ಷಗಳಲ್ಲಿ 1526 ವೈಭವದ ವರ್ಷವೇ ಎಂಬುದು ಮೊದಲ ಪ್ರಶ್ನೆ.

ಗೆಲುವುಗಳ ಲೆಕ್ಕದಲ್ಲಿ ನೋಡಿದರೆ ಹೌದೆನ್ನಬಹುದು. ಉದಯಗಿರಿಯ ವಿಜಯ, ಕಳಿಂಗದ ದಂಡಯಾತ್ರೆ, 1520ರ ರಾಯಚೂರು ಕದನ ಎಲ್ಲವೂ ಆಗ ಮುಗಿದಿದ್ದವು. ಆದರೆ ಅರಮನೆಯ ಒಳಗಿನ ಸ್ಥಿತಿ ಬೇರೆಯೇ ಇತ್ತೆಂದು ಪೋರ್ಚುಗೀಸ್ ಬರಹಗಾರ ಫೆರ್ನಾವೊ ನೂನಿಜ್ ಹೇಳುತ್ತಾನೆ. ಅವನ ಪ್ರಕಾರ ಅರಸ ತನ್ನ ಎಳೆಯ ಮಗನಿಗೆ ಪಟ್ಟ ಕಟ್ಟಿದ. ಮಗ ವಿಷಪ್ರಾಶನದಿಂದ ಸತ್ತ. ಅನುಮಾನ ಮಹಾಮಂತ್ರಿ ಸಾಳುವ ತಿಮ್ಮರಸನ ಕುಟುಂಬದ ಮೇಲೆ ಬಿದ್ದು, ತಿಮ್ಮರಸನನ್ನು ಸೆರೆಯಲ್ಲಿಟ್ಟು ಕಣ್ಣು ಕೀಳಿಸಲಾಯಿತು. ಇತಿಹಾಸಕಾರರು ಈ ಘಟನೆಯನ್ನು 1524ರ ಆಸುಪಾಸಿಗೆ ಇಡುತ್ತಾರೆ. ನೂನಿಜ್ ಬರೆದದ್ದು 1535-37ರ ಹೊತ್ತಿಗೆ, ಅಂದರೆ ಕೇಳಿದ ಮಾತುಗಳ ಆಧಾರದ ಮೇಲೆ ಎಂಬುದನ್ನೂ ಮರೆಯುವಂತಿಲ್ಲ.

ಈ ವೃತ್ತಾಂತವನ್ನು ನಂಬಿದರೆ, 1526ರ ಕೃಷ್ಣದೇವರಾಯ ಮಗನನ್ನು ಕಳೆದುಕೊಂಡ ತಂದೆ. ತನ್ನನ್ನು ಪಟ್ಟಕ್ಕೆ ತಂದ ಹಿರಿಯನನ್ನು ಶಿಕ್ಷಿಸಿದ ಅರಸ. ಅಂಥ ಆಸ್ಥಾನದಲ್ಲಿ ನಗೆಗೂ ನೃತ್ಯಕ್ಕೂ ಬೇರೆಯೇ ನೆರಳಿರುತ್ತಿತ್ತು. 1516 ಎಂದಿದ್ದರೆ ಈ ತೊಡಕಿರುತ್ತಿರಲಿಲ್ಲ ಎನ್ನುವುದು ಒಂದು ಪಕ್ಷ. ಜನಮನದಲ್ಲಿರುವ ರಾಯ ನೂನಿಜನ ರಾಯನಲ್ಲ, ತೆನಾಲಿಯ ಕಥೆಗಳ ರಾಯ, ಚಿತ್ರ ಕಟ್ಟಿದ್ದು ಆ ಜಗತ್ತನ್ನು ಎನ್ನುವುದು ಇನ್ನೊಂದು ಪಕ್ಷ. ಎರಡರಲ್ಲೂ ಹುರುಳಿದೆ. ಆದರೆ ಇಸವಿಯನ್ನು ಅಂಕಿಯಲ್ಲಿ ಹೇಳಿದ ಮೇಲೆ ಕಥೆ ಆ ಅಂಕಿಗೆ ಉತ್ತರದಾಯಿ ಎಂಬ ಮೊದಲ ಪಕ್ಷದ ಮಾತು ಹೆಚ್ಚು ತೂಕದ್ದು.

ಎರಡನೆಯ ವಾದ: ಆ ಊರು ಹೇಗಿತ್ತು?

ಕಲ್ಪಿತ ಜಗತ್ತನ್ನು ಕಟ್ಟುವ ಕೆಲಸ ಅಂತರಿಕ್ಷದ ಕಥೆಯಲ್ಲಿ ಸುಲಭ. ಅಲ್ಲಿ ಸಾಕ್ಷಿ ಹೇಳುವವರಿಲ್ಲ. ವಿಜಯನಗರಕ್ಕೆ ಕಲ್ಲುಗಳೇ ಸಾಕ್ಷಿ. 1526ರಲ್ಲಿ ಇಳಿದ ಪ್ರವಾಸಿ ಏನನ್ನು ಕಾಣಬಹುದಿತ್ತು, ಏನನ್ನು ಕಾಣಲಾಗುತ್ತಿರಲಿಲ್ಲ ಎಂಬ ಪಟ್ಟಿಯನ್ನು ಶಾಸನಗಳಿಂದಲೇ ಮಾಡಬಹುದು.

ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯ ಕಟ್ಟಿಸಿದ ರಂಗಮಂಟಪ 1510ರದು. ಉದಯಗಿರಿಯಿಂದ ತಂದ ಬಾಲಕೃಷ್ಣನ ಮೂರ್ತಿಯನ್ನು ಪ್ರತಿಷ್ಠಾಪಿಸಿದ ಕೃಷ್ಣ ದೇವಾಲಯ 1515ರದು. ಹಜಾರರಾಮ ದೇವಾಲಯವಂತೂ ಅದಕ್ಕಿಂತ ನೂರು ವರ್ಷ ಹಳೆಯದು. ಇವೆಲ್ಲ ಆಗ ಇದ್ದವು. ಆದರೆ ಇಂದು ಹಂಪಿಯ ಗುರುತಾಗಿರುವ ಉಗ್ರನರಸಿಂಹ ಇರಲಿಲ್ಲ. ಅದರ ಶಾಸನ 1528ರದು. ಅಚ್ಯುತರಾಯ ದೇವಾಲಯವೂ ಇರಲಿಲ್ಲ. ಅದು 1534ರದು. ಎರಡು ವರ್ಷ ತಡವಾಗಿ ಇಳಿದಿದ್ದರೆ ಕೃಷ್ಣಕುಮಾರನಿಗೆ ಉಗ್ರನರಸಿಂಹನ ದರ್ಶನ ಆಗುತ್ತಿತ್ತು.

ಇಂದಿನ ಪ್ರವಾಸಿಗೆ ವಿಜಯನಗರ ಎಂದರೆ ಬರಿಗಲ್ಲು. ಅಂದು ಅದು ಬಣ್ಣದ ಊರು. ಗಾರೆಯ ಶಿಲ್ಪಗಳಿಗೆ ಬಣ್ಣ ಬಳಿದಿತ್ತು. ಅರಮನೆಗಳ ಮೇಲುಭಾಗ ಮರದ್ದಾಗಿತ್ತು. 1565ರ ಯುದ್ಧದ ನಂತರ ಮರ ಸುಟ್ಟುಹೋಗಿ ಕಲ್ಲಿನ ಜಗತಿ ಮಾತ್ರ ಉಳಿಯಿತು. 1520ರ ಆಸುಪಾಸಿನಲ್ಲಿ ಬಂದಿದ್ದ ಡೊಮಿಂಗೊ ಪಾಯೆಸ್, ಬೆಟ್ಟವೇರಿ ನೋಡಿದಾಗ ನಗರ ರೋಮ್ ನಗರದಷ್ಟು ದೊಡ್ಡದಾಗಿ ಕಂಡಿತೆಂದು ಬರೆದಿದ್ದಾನೆ. ಹೊಲಗದ್ದೆ, ತೋಟ, ಕಾಲುವೆಗಳು ಮನೆಗಳ ನಡುವೆಯೇ ಹಬ್ಬಿದ್ದವೆಂದೂ ಹೇಳಿದ್ದಾನೆ. ಆ ಕಾಲುವೆಗಳ ಪೈಕಿ ತುರ್ತಾ, ಬಸವಣ್ಣ, ರಾಯ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಚಿತ್ರದ ಯಾವ ಅರಮನೆಗಿಂತಲೂ ಈ ನೀರು ಹೆಚ್ಚು ನಿಜವಾದ ಕಾಲಯಂತ್ರ. ಅದನ್ನು ಕಥೆಯೊಳಗೆ ತರುವ ಚಿತ್ರಕಾರ ಇನ್ನೂ ಬರಬೇಕಿದೆ.

ಭಾಷೆಯ ಪ್ರಶ್ನೆ ಇಲ್ಲಿ ಎಲ್ಲಕ್ಕಿಂತ ಬಿಸಿಯಾದದ್ದು. ತೆಲುಗು ಚಿತ್ರದಲ್ಲಿ ಆಸ್ಥಾನ ತೆಲುಗು ಮಾತಾಡುವುದು, ಕನ್ನಡ ಚಿತ್ರದಲ್ಲಿ ಕನ್ನಡ ಮಾತಾಡುವುದು ಸಹಜ. ‘ಆಮುಕ್ತಮಾಲ್ಯದ’ ಬರೆದ ಅರಸನನ್ನು ತೆಲುಗರು ತಮ್ಮವನೆನ್ನುತ್ತಾರೆ. ‘ಕನ್ನಡ ರಾಜ್ಯ ರಮಾರಮಣ’ನನ್ನು ಕನ್ನಡಿಗರು ತಮ್ಮವನೆನ್ನುತ್ತಾರೆ. ಹಂಪಿಯ ಶಾಸನಗಳು ಮಾತ್ರ ಈ ಜಗಳಕ್ಕೆ ಇಳಿಯುವುದಿಲ್ಲ. ಅಲ್ಲಿ ಕನ್ನಡವಿದೆ, ಸಂಸ್ಕೃತವಿದೆ, ತೆಲುಗಿದೆ, ತಮಿಳಿದೆ. ಕುಮಾರವ್ಯಾಸನ ಭಾರತವನ್ನು ಮುಂದುವರಿಸಿದ ತಿಮ್ಮಣ್ಣ ಕವಿಯೂ ಇದೇ ಅರಸನ ಆಶ್ರಯದಲ್ಲಿದ್ದ. ವ್ಯಾಸತೀರ್ಥರಿಗೆ ಇದೇ ಅರಸನ ಗೌರವವಿತ್ತು. ಬೀದಿಯಲ್ಲಿ ನಾಲ್ಕು ಭಾಷೆ ಕೇಳಿಸಿದ್ದರೆ 1526 ಇನ್ನಷ್ಟು ನಂಬುವಂತಾಗುತ್ತಿತ್ತು.

ಊಟದ ತಟ್ಟೆಯನ್ನೂ ಅಭಿಮಾನಿಗಳು ಬಿಡುವುದಿಲ್ಲ, ಬಿಡಬಾರದು. ಅಂದಿನ ಅಡುಗೆಯಲ್ಲಿ ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ಇವು ಅಮೆರಿಕ ಖಂಡದಿಂದ ಹೊರಟು ನಮ್ಮಲ್ಲಿಗೆ ತಲುಪಿದ್ದು ನಂತರ. ಐತಿಹಾಸಿಕ ಚಿತ್ರಗಳ ಸಂತೆಯ ದೃಶ್ಯಗಳಲ್ಲಿ ಕಲಾ ನಿರ್ದೇಶಕರು ಎಡವುವುದು ಇಂಥ ಕಡೆಯೇ.

ಮೂರನೆಯ ವಾದ: ವಜ್ರ ಮತ್ತು ಕಾಲದ ಗಂಟು

ಕಥೆಯ ತಿರುಗುಗೂಟ ಒಂದು ವಜ್ರ. ಇದು ಒಳ್ಳೆಯ ಆಯ್ಕೆ. ವಿಜಯನಗರ ವಜ್ರಗಳ ರಾಜ್ಯ. ಪಾಯೆಸ್ ಇಲ್ಲಿನ ಬೀದಿಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳು ಮಾರಾಟಕ್ಕಿದ್ದುದನ್ನು ದಾಖಲಿಸಿದ್ದಾನೆ. ಗಣಿಗಳಲ್ಲಿ ನಿಗದಿತ ತೂಕ ಮೀರಿದ ವಜ್ರ ಸಿಕ್ಕರೆ ಅದು ಅರಸನ ಬೊಕ್ಕಸಕ್ಕೆ ಸೇರಬೇಕೆಂಬ ನಿಯಮವಿತ್ತೆಂದು ನೂನಿಜ್ ಹೇಳುತ್ತಾನೆ. ಹಾಗಾಗಿ ಅರಮನೆಯ ವಜ್ರ ಬರಿಯ ಆಭರಣವಲ್ಲ, ಅರಸೊತ್ತಿಗೆಯ ಗುರುತು.

ತೊಡಕಿರುವುದು ತರ್ಕದಲ್ಲಿ. ಅಂದಿನ ವಸ್ತುವೊಂದು ಇಂದಿಗೂ ಉಳಿದಿದ್ದು, ಇಂದಿನವನು ಅಂದಿಗೆ ಹೋಗಿ ಅದರ ಗತಿಯಲ್ಲಿ ಕೈಯಾಡಿಸಿದರೆ ಏನಾಗುತ್ತದೆ? ಕಾಲಯಾನದ ಕಥೆಗಳು ಇದಕ್ಕೆ ಸಾಮಾನ್ಯವಾಗಿ ಮೂರು ಉತ್ತರ ಕೊಡುತ್ತವೆ.

ಒಂದು, ಇತಿಹಾಸ ಬದಲಾಗದು. ನಾವು ಹೋಗುವುದೂ ಅದರೊಳಗೆ ಮೊದಲೇ ಸೇರಿದೆ. ಎರಡು, ಇತಿಹಾಸ ಬದಲಾಗುತ್ತದೆ. ಹಿಂತಿರುಗಿದಾಗ ನಮ್ಮ ಮನೆಯೇ ಇಲ್ಲದಿರಬಹುದು. ಮೂರು, ಬದಲಾದದ್ದು ಬೇರೊಂದು ಜಗತ್ತಿನ ಇತಿಹಾಸ. ನಮ್ಮದು ಹಾಗೆಯೇ ಇರುತ್ತದೆ. ಯಾವುದನ್ನು ಆರಿಸಿದರೂ ತಪ್ಪಲ್ಲ. ಆರಿಸಿದ ಮೇಲೆ ಅದಕ್ಕೆ ನಿಷ್ಠವಾಗಿರಬೇಕು ಎಂಬುದೊಂದೇ ಅಭಿಮಾನಿಯ ಬೇಡಿಕೆ. ವಿಜಯನಗರದ ವಿಷಯದಲ್ಲಿ ಈ ಬೇಡಿಕೆ ಇನ್ನೂ ಹರಿತವಾಗುತ್ತದೆ. 1526ಕ್ಕೆ ಹೋದ ವಿದ್ಯಾವಂತನಿಗೆ 1565ರಲ್ಲಿ ಏನಾಗಲಿದೆ ಎಂಬುದು ಗೊತ್ತು. ರಕ್ಕಸ-ತಂಗಡಿಯ ಸೋಲು, ನಗರದ ಸೂರೆ, ಪಾಳು ಎಲ್ಲವೂ ಗೊತ್ತು. ಅವನು ಅರಸನಿಗೆ ಹೇಳಬೇಕೇ, ಬೇಡವೇ? ಹಂಪಿಯ ಪಾಳನ್ನು ಕಂಡ ಪ್ರೇಕ್ಷಕನಿಗೆ ವಜ್ರದ ಕಳವಿಗಿಂತ ಈ ಪ್ರಶ್ನೆ ದೊಡ್ಡದು.

ಭೌತವಿಜ್ಞಾನ ಏನನ್ನುತ್ತದೆ? 1905ರ ವಿಶೇಷ ಸಾಪೇಕ್ಷತಾ ಸಿದ್ಧಾಂತದಂತೆ ವೇಗವಾಗಿ ಚಲಿಸುವವನ ಗಡಿಯಾರ ನಿಧಾನವಾಗುತ್ತದೆ. ಆದ್ದರಿಂದ ಮುಂದಿನ ಕಾಲಕ್ಕೆ ಹೋಗುವುದು ತಾತ್ವಿಕವಾಗಿ ಸಾಧ್ಯ. ಹಿಂದಕ್ಕೆ ಹೋಗುವುದರ ಬಗ್ಗೆ ಒಮ್ಮತವಿಲ್ಲ. 1949ರಲ್ಲಿ ಕರ್ಟ್ ಗೋಡೆಲ್ ಐನ್‌ಸ್ಟೈನ್ ಸಮೀಕರಣಗಳಿಂದಲೇ ಹಿಂದಕ್ಕೆ ದಾರಿಯಿರುವ ವಿಶ್ವವೊಂದನ್ನು ಗಣಿತದಲ್ಲಿ ತೋರಿಸಿದರು. ಪ್ರಕೃತಿ ಅಂಥ ಪಯಣವನ್ನು ತಡೆಯುತ್ತದೆ ಎಂಬ ಊಹೆಯನ್ನು 1992ರಲ್ಲಿ ಸ್ಟೀಫನ್ ಹಾಕಿಂಗ್ ಮಂಡಿಸಿದರು. ಅಂದರೆ ಚಿತ್ರದ 2504ರ ಭಾಗಕ್ಕೆ ವಿಜ್ಞಾನದ ಸ್ವಲ್ಪ ಆಸರೆಯಿದೆ, 1526ರ ಭಾಗ ಪೂರ್ತಿ ಕಲ್ಪನೆಯದು. ಮುಂದಿನ ಕಾಲಕ್ಕೆ ಹೋಗುವ ಕಲ್ಪನೆ ನಮಗೆ ಹೊಸದೂ ಅಲ್ಲ. ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ ಕಕುದ್ಮಿ ರಾಜ ಹಿಂತಿರುಗುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದಿದ್ದ ಕಥೆ ಭಾಗವತದಲ್ಲಿದೆ.

ಕಿರುತೆರೆಯಲ್ಲಿ ಇದೇ ಪ್ರಶ್ನೆ

ಈ ಸಂಕಟವನ್ನು ಕಿರುತೆರೆ ಬಹಳ ಮೊದಲೇ ಎದುರಿಸಿತ್ತು. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಆರಂಭವಾದ ‘ಡಾಕ್ಟರ್ ಹೂ’ ಧಾರಾವಾಹಿಯ 1964ರ ‘ದಿ ಆಜ್‌ಟೆಕ್ಸ್’ ಕಥೆಯಲ್ಲಿ ಇತಿಹಾಸದ ಶಿಕ್ಷಕಿ ಬಾರ್ಬರಾ ಮೆಕ್ಸಿಕೊದ ಆಜ್‌ಟೆಕ್ ನಾಡಿಗೆ ಹೋಗುತ್ತಾಳೆ. ಅವರು ನರಬಲಿ ಬಿಟ್ಟರೆ ಮುಂದೆ ಬರುವ ಸ್ಪೇನಿನವರ ಕೈಯಲ್ಲಿ ನಾಶವಾಗಲಾರರು ಎಂದು ನಂಬಿ ಪ್ರಯತ್ನಿಸಿ ಸೋಲುತ್ತಾಳೆ. 1967ರಲ್ಲಿ ‘ಸ್ಟಾರ್ ಟ್ರೆಕ್’ನ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಕಂತಿನಲ್ಲಿ ನಾಯಕ ಕರ್ಕ್, ತಾನು ಪ್ರೀತಿಸಿದ ಹೆಣ್ಣು ಸಾಯುವುದನ್ನು ತಡೆಯದೆ ನಿಲ್ಲಬೇಕಾಗುತ್ತದೆ. ಅವಳು ಬದುಕಿದರೆ ಜಗತ್ತಿನ ಇತಿಹಾಸ ಕೆಡುತ್ತದೆ. ಎರಡೂ ಕಥೆಗಳು ಇಂದಿಗೂ ಚರ್ಚೆಯಲ್ಲಿರುವುದಕ್ಕೆ ಕಾರಣ ಯಂತ್ರವಲ್ಲ, ಆಯ್ಕೆಯ ನೋವು.

ನಮ್ಮ ದೂರದರ್ಶನದಲ್ಲಿ ‘ಇಂದ್ರಧನುಷ್’ (1989), ಕೇತನ್ ಮೆಹ್ತಾ ಅವರ ‘ಕ್ಯಾಪ್ಟನ್ ವ್ಯೋಮ್’ (1998) ಮುಂತಾದ ಹಿಂದಿ ಪ್ರಯತ್ನಗಳು ಬಂದವು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಥೆಗಳನ್ನು ಬರೆದರು. ಬೆಳ್ಳಿತೆರೆಯಲ್ಲಿ ಉಪೇಂದ್ರ ಅವರು 2002ರ ‘ಹಾಲಿವುಡ್’ನಲ್ಲಿ ಯಂತ್ರಮಾನವರಾದರು, 2024ರ ಡಿಸೆಂಬರ್‌ನಲ್ಲಿ ‘ಯುಐ’ ಮೂಲಕ ಪ್ರೇಕ್ಷಕರನ್ನು ಮತ್ತೆ ಅರ್ಥದ ಜಗಳಕ್ಕೆ ಹಚ್ಚಿದರು. ಆದರೆ ವಿಜಯನಗರದ ನೆಲದಲ್ಲಿ ನಿಂತು ಕಾಲದ ಪ್ರಶ್ನೆ ಕೇಳುವ ಕನ್ನಡ ಕೃತಿಯ ಜಾಗ ಖಾಲಿಯೇ ಇದೆ.

2504ರ ನೆಲಮಾಳಿಗೆ

ಚಿತ್ರದ ಭವಿಷ್ಯದ ಭಾಗ ಅವಸರದ್ದು ಎಂಬ ಆಕ್ಷೇಪವಿದೆ. ಇದರಲ್ಲಿ ಸತ್ಯವಿದೆ. ವಿಜಯನಗರಕ್ಕೆ ಕಥೆ ಕೊಟ್ಟ ಗಮನ 2504ಕ್ಕೆ ದೊರೆತಿಲ್ಲ. ಆದರೆ ಅದರ ಬೇರು ಗಟ್ಟಿ. ವೆಲ್ಸ್ ಕಾದಂಬರಿಯಲ್ಲೂ 8,02,701ನೇ ಇಸವಿಯಲ್ಲಿ ಮನುಷ್ಯಕುಲದ ಒಂದು ಕವಲು ನೆಲದಡಿ ಬದುಕುತ್ತದೆ. ವೆಲ್ಸ್‌ಗೆ ಅದಕ್ಕೆ ಕಾರಣ ವರ್ಗಭೇದ, ಸಿಂಗೀತಂ ಅವರಿಗೆ ಅಣುಯುದ್ಧ. ಚಿತ್ರ ಬಂದ ವರ್ಷದ ಕೊನೆಯಲ್ಲೇ ಸೋವಿಯತ್ ಒಕ್ಕೂಟ ಕುಸಿಯಿತು. ಅಣ್ವಸ್ತ್ರಗಳು ಮಾತ್ರ ಉಳಿದವು. ಒಂದೇ ಕಥೆಯಲ್ಲಿ ಒಂದು ನಗರದ ಉಚ್ಛ್ರಾಯವನ್ನೂ ಭೂಮಿಯ ಅವಸಾನವನ್ನೂ ಇಟ್ಟಿರುವುದರಿಂದ, ಯಾವ ವೈಭವವೂ ಶಾಶ್ವತವಲ್ಲ ಎಂಬ ಮಾತನ್ನು ಯಾರೂ ಆಡದೆಯೇ ಚಿತ್ರ ಆಡುತ್ತದೆ.

ಕಡ್ಡಿರಾಂಪುರದ ಸಾಕ್ಷ್ಯ

ಈಗ ಆರಂಭದ ಮಾತಿಗೆ ಬರೋಣ. ಕಡ್ಡಿರಾಂಪುರದಲ್ಲಿ ಬಹಮನಿ ಶೈಲಿಯನ್ನು ನೆನಪಿಸುವ, ಗುಮ್ಮಟವುಳ್ಳ ಎರಡು ಗೋರಿ ಕಟ್ಟಡಗಳಿವೆ. ವಿಜಯನಗರದ ಸೈನ್ಯದಲ್ಲಿ, ಆಡಳಿತದಲ್ಲಿ ಮುಸ್ಲಿಮರಿದ್ದರೆಂಬುದಕ್ಕೆ ಹಂಪಿಯ ಪರಿಸರದಲ್ಲಿ ಸಾಕಷ್ಟು ಆಧಾರಗಳಿವೆ. ಎರಡನೆಯ ದೇವರಾಯನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯನ್ನು ಅಲ್ಲಿನ ಕನ್ನಡ ಶಾಸನ ಧರ್ಮಸಾಲೆ ಎಂದು ಕರೆಯುತ್ತದೆ. ತೆರೆಯ ಮೇಲಿನ ವಿಜಯನಗರಗಳಲ್ಲಿ ಈ ಜನ ಬಹುಮಟ್ಟಿಗೆ ಕಾಣುವುದಿಲ್ಲ, ಕಂಡರೆ ಶತ್ರುಗಳಾಗಿ ಮಾತ್ರ.

ಇದೇ ಊರು ಇನ್ನೊಂದು ಗುಂಪಿಗೂ ನೆಲೆಯಾಯಿತು. 2011ರ ಜುಲೈನಲ್ಲಿ ಹಂಪಿ ಬಜಾರಿನ ಕಲ್ಲುಮಂಟಪಗಳನ್ನು ಆಶ್ರಯಿಸಿದ್ದ ಅಂಗಡಿ, ಮನೆಗಳನ್ನು ಪರಂಪರೆಯ ರಕ್ಷಣೆಯ ಹೆಸರಿನಲ್ಲಿ ತೆರವುಗೊಳಿಸಲಾಯಿತು. ಅಲ್ಲಿದ್ದ ಕುಟುಂಬಗಳಿಗೆ ನಿವೇಶನ ಗೊತ್ತುಮಾಡಿದ್ದು ಕಡ್ಡಿರಾಂಪುರದಲ್ಲಿ. ಸ್ಮಾರಕಕ್ಕೆ ಧಕ್ಕೆಯಾಗುತ್ತಿತ್ತೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ, 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. ಆದರೆ ಪಾಯೆಸ್ ವರ್ಣಿಸಿದ ಆ ಬೀದಿ ಖಾಲಿ ಬೀದಿಯಲ್ಲ. ಅಲ್ಲಿ ಮೊಗಸಾಲೆಗಳ ಮನೆಗಳಿದ್ದವು, ಯಾತ್ರಿಕರು ತಂಗುತ್ತಿದ್ದರು, ಅರಸನಿಗೂ ಅದೇ ಬೀದಿಯಲ್ಲಿ ಒಂದು ಅರಮನೆಯಿತ್ತು. ಇಂದು ನಾವು ಕಾಣುವ ನಿರ್ಜನ ಮಂಟಪಗಳ ಸಾಲು 1526ರ ಚಿತ್ರವಲ್ಲ, 1565ರ ನಂತರದ ಪಾಳಿನ ಚಿತ್ರ.

ಹೀಗೆ ನೋಡಿದರೆ ಕಲ್ಪಿತ ಜಗತ್ತನ್ನು ಕಟ್ಟುವ ಕೆಲಸ ಚಿತ್ರರಂಗದ ಸೊತ್ತು ಮಾತ್ರವಲ್ಲ. ಪುರಾತತ್ವ, ಪ್ರವಾಸೋದ್ಯಮ, ಆಡಳಿತ ಎಲ್ಲವೂ ಒಂದೊಂದು ಇಸವಿಯನ್ನು ಆರಿಸಿಕೊಂಡು ಆ ಇಸವಿಗೆ ಹೊಂದದ್ದನ್ನು ತೆಗೆದುಹಾಕುತ್ತವೆ. ಚಿತ್ರದ ಸೆಟ್ಟನ್ನು ಶೂಟಿಂಗ್ ಮುಗಿದ ಮೇಲೆ ಕಳಚಬಹುದು. ಊರನ್ನು ಹಾಗೆ ಕಳಚಲಾಗದು. ಆದ್ದರಿಂದಲೇ ಅಭಿಮಾನಿಯ ‘ಇದು ಹೀಗಿತ್ತೇ, ಯಾರನ್ನು ಬಿಟ್ಟಿರಿ’ ಎಂಬ ಪ್ರಶ್ನೆಯನ್ನು ಕಾಲಹರಣವೆಂದು ತಳ್ಳಿಹಾಕುವಂತಿಲ್ಲ. ಸಿನಿಮಾ ನೋಡುವಾಗ ಅದನ್ನು ಕೇಳಿ ಅಭ್ಯಾಸವಾದವರು ಊರಿನ ವಿಷಯದಲ್ಲೂ ಕೇಳಿಯಾರು.

ಮುಂದಿನ ಬಾರಿ ಹಂಪಿಗೆ ಹೋಗುವವರು ಕಡ್ಡಿರಾಂಪುರದಲ್ಲಿ ಹತ್ತು ನಿಮಿಷ ಇಳಿದು, ಆ ಎರಡು ಗುಮ್ಮಟಗಳನ್ನು ನೋಡಿ, ಅಲ್ಲಿನವರಲ್ಲಿ ಹಳೆಯ ಬಜಾರಿನ ಸುದ್ದಿ ಕೇಳಿ ಮುಂದೆ ಹೋದರೆ, ವಿಜಯನಗರದ ಕಥೆ ಇನ್ನಷ್ಟು ಪೂರ್ಣವಾಗಿ ಕಂಡೀತು. ಅದಕ್ಕೆ ಕಾಲಯಂತ್ರವೇನೂ ಬೇಕಾಗಿಲ್ಲ.